ಕಡಲಾಚೆಯ ಕನ್ನಡ

ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಅಣ್ಣನ ಮಗಳು ಈಚೆಗೆ ಸೇಡಂಗೆ ಬಂದಾಗ, ಅಲ್ಲಿಯ ಕನ್ನಡ ಸಂಘವೊಂದರ ಸ್ಮರಣಸಂಚಿಕೆಯನ್ನು ನನಗೆಂದೇ ತಂದಿದ್ದಳು. ರಾಜ್ಯೋತ್ಸವದ ದಿನ ಅವಳು ವಚನಕ್ಕೆ ನೃತ್ಯ ಮಾಡಿದ ಚಿತ್ರವೂ ಅದರಲ್ಲಿತ್ತು. ಆದರೆ ಅವಳ ಆಯಿ, ಎಂದರೆ ನಮ್ಮವ್ವ, "ಉಂಡಿ ಏನವ್ವ?" ಎಂದು ಕೇಳಿದರೆ ಹುಡುಗಿ "ಕಾಕಾ" ಎಂದು ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಅರ್ಥ ಕೇಳುವಳು. ಈ ಲೇಖನಕ್ಕೆ ಕಾರಣ ಆ ಸಂಚಿಕೆಯೂ ಹೌದು, ಈ ಪ್ರಸಂಗವೂ ಹೌದು.

ಸಂಚಿಕೆಯ ಪದ್ಯಗಳನ್ನೆಲ್ಲ ಓದಿದೆ. ಕನ್ನಡಾಂಬೆಗೆ ಜಯಕಾರವಿದೆ, ಕಾವೇರಿ, ಸಹ್ಯಾದ್ರಿ, ಹಂಪೆಗಳಿವೆ. ನಮ್ಮ ಕಾಗಿಣಾ ಇಲ್ಲ. ಅದಿರಲಿ, ಬರೆದವರು ದಿನವೂ ಕಾಣುವ ಹಿಮ, ಆಫೀಸು, ಕನ್ನಡ ಬಾರದ ಮಕ್ಕಳು ಒಂದು ಸಾಲಿನಲ್ಲಿಯೂ ಇಲ್ಲ. ಬದುಕು ಒಂದೆಡೆ, ಭಾಷೆ ಇನ್ನೊಂದೆಡೆ ನಿಂತರೆ ಹುಟ್ಟುವುದು ಘೋಷಣೆಯೇ ಹೊರತು ಕವಿತೆಯಲ್ಲ.

ಇದು ಕನ್ನಡಿಗರೊಬ್ಬರ ಪಾಡಲ್ಲ. ಐರ್ಲೆಂಡಿನಿಂದ ಹೋದವರು ನ್ಯೂಯಾರ್ಕಿನಲ್ಲಿ 1762ರಷ್ಟು ಹಿಂದೆಯೇ ಸಂತ ಪ್ಯಾಟ್ರಿಕ್‌ನ ದಿನದ ಮೆರವಣಿಗೆ ತೆಗೆದರು. ಷಿಕಾಗೋದಲ್ಲಿ 1962ರಿಂದ ಆ ಹಬ್ಬಕ್ಕಾಗಿ ನದಿಗೇ ಹಸಿರು ಬಣ್ಣ ಹಾಕುವರು. ಆದರೆ ಡಬ್ಲಿನ್ ನಗರವನ್ನು ಲೋಕದ ಕಣ್ಣಿಗೆ ಕಟ್ಟಿದವನು, 1904ರಲ್ಲಿ ಊರು ಬಿಟ್ಟು, ಪರದೇಶದಲ್ಲಿದ್ದುಕೊಂಡೇ ಅದರ ಬೀದಿ, ಅಂಗಡಿ, ಜಗಳಗಳನ್ನು ಬರೆದ ಜೇಮ್ಸ್ ಜಾಯ್ಸ್. ಅವನ ಪ್ರೀತಿಯಲ್ಲಿ ಮುನಿಸೂ ಇತ್ತು.

ನಮಗೂ ಅಂಥವರೊಬ್ಬರಿದ್ದರು. ಅದೇ ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಕವನಸಂಕಲನ ಕೊಟ್ಟರು. 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಎಂಬ ಹೆಸರಿನಿಂದ ವಚನಗಳನ್ನು ಇಂಗ್ಲಿಷಿಗೆ ತಂದರು. ಅವರ ಕವಿತೆಯಲ್ಲಿ ನಾವು ಕಾಣುವುದು ನಾಡಿನ ಸ್ತುತಿಯನ್ನಲ್ಲ. ಆಡುಮಾತಿನ ಧಾಟಿಯನ್ನು, ಸಂಶಯವನ್ನು. ಕನ್ನಡ ಅವರಿಗೆ ವಿಚಾರ ಮಾಡುವ ಭಾಷೆಯಾಗಿತ್ತು, ಬಾವುಟವಾಗಿರಲಿಲ್ಲ.

ಹಾಗೆಂದು ಉತ್ಸವವೇ ಬೇಡವೆನ್ನಲಾರೆ. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದಕ್ಕಾಗಿ ಶ್ರಮಿಸಿದ ನೀರಜ್ ಪಾಟೀಲರು ನಮ್ಮ ಕಲಬುರಗಿ ಜಿಲ್ಲೆಯವರು. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದವರಿಗೆ ಪ್ರತಿಮೆಯೇ ಎಂದು ನಗಬಹುದು. ಅದನ್ನು ಕಂಡ ಮಗುವೊಂದು "ಇವರಾರು?" ಎಂದು ಕೇಳಿದರೆ ಪ್ರತಿಮೆ ಸಾರ್ಥಕ, ಉತ್ತರ ಹೇಳಬಲ್ಲವರು ಮಾತ್ರ ಮನೆಯಲ್ಲಿರಬೇಕು.

ಇಷ್ಟು ಹೇಳಲು ನಮಗಾದರೂ ಏನು ಅಧಿಕಾರ? ಹುಡುಗಿಯನ್ನು ಮಳಖೇಡಕ್ಕೆ ಕರೆದೊಯ್ದೆ. ನೃಪತುಂಗನ ರಾಜಧಾನಿಯಿದು, ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದ 'ಕವಿರಾಜಮಾರ್ಗ' ಆ ಕಾಲದ್ದು, ಎಂದೆ. "ಇಲ್ಲಿ ಅದನ್ನು ಯಾರು ಓದುತ್ತಾರೆ?" ಎಂದು ಕೇಳಿದಳು. ನನ್ನ ವಿದ್ಯಾರ್ಥಿಗಳು ಓದುವುದು ಪರೀಕ್ಷೆಗೆ. ನನ್ನ ಮಕ್ಕಳೇ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿದ್ದಾರೆ. ಸುಮ್ಮನಾದೆ. ಶಹಾಬಾದಿನ ಫರಸಿ ಎಷ್ಟೋ ದೂರದ ಮನೆಗಳಿಗೆ ನೆಲವಾಗಿದೆ. ಕಲ್ಲಿನ ಹೆಸರಿನಲ್ಲಿ ಊರು ಉಳಿದಿದೆ. ತುಳಿಯುವವರಿಗೆ ಊರಿನ ನೆನಪಿಲ್ಲ. ಕನ್ನಡವೂ ಬರಿಯ ಹೆಸರಾಗಿ ಉಳಿಯುವ ಭಯ ಕಡಲಾಚೆ ಎಷ್ಟೋ ಈಚೆಯೂ ಅಷ್ಟೇ.

ವಾಡಿಗೆ ಹೋಗಿ ರೈಲು ಹಿಡಿಯುವ ದಿನ ಆಯಿ ಮತ್ತೆ ಅದನ್ನೇ ಕೇಳಿದಳು. ಹುಡುಗಿ ತಡವರಿಸುತ್ತ, "ಉಂಡೀನಿ, ಆಯಿ" ಎಂದಳು. 'ಕವಿರಾಜಮಾರ್ಗ' ಮೆಚ್ಚಿಕೊಂಡದ್ದು ಓದು ಕಲಿಯದೆಯೂ ಮಾತು ಬಲ್ಲ ಜನರನ್ನು. ಅಂಥವಳೊಬ್ಬಳಿಂದ ಈ ಹುಡುಗಿ ಕಲಿತದ್ದು ಎರಡೇ ಮಾತು; ಸಂಚಿಕೆಯಲ್ಲಿ ನಾನು ಹುಡುಕಿದ ಕನ್ನಡ ಅದರಲ್ಲಿತ್ತು.