ಹೆಗಲೆಲುಬಿನ ರೋಗಪರೀಕ್ಷೆಯೂ ಕನ್ನಡ ಪರಿಭಾಷೆಯೂ

ವೈದ್ಯವಿಷಯಕವಾದ ಕನ್ನಡ ಬರಹಗಳನ್ನು ವಿಮರ್ಶಿಸುವವರು ಶೈಲಿಯ ಸೌಲಭ್ಯವನ್ನು ಕಂಡು ತೃಪ್ತರಾಗುವುದೇ ಹೆಚ್ಚು. ಪರಿಭಾಷೆಯು ವಸ್ತುವನ್ನು ಸರಿಯಾಗಿ ಬೇರ್ಪಡಿಸುವುದೇ ಎಂಬ ವಿಚಾರವು ವಿರಳ. ಹೆಗಲೆಲುಬಿನ ಅಲ್ಟ್ರಾಸೌಂಡ್ ಪರೀಕ್ಷೆಯು ಇದಕ್ಕೆ ತಕ್ಕ ಒರೆಗಲ್ಲು.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಸೀಮೆಯಲ್ಲಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ತೋಳೆತ್ತಿ ಬ್ಯಾರನ್ನಿನೊಳಗೆ ತೂಗುಹಾಕುವ ಕೆಲಸವುಂಟು. ಅಂಥ ಕೆಲಸಗಾರನೊಬ್ಬನು ಹೆಗಲಿನ ನರ ಹಿಡಿದಿದೆ, ತೋಳು ಏಳದು ಎಂದನೆನ್ನೋಣ. ಸ್ನಾಯುವನ್ನು ಎಲುಬಿಗೆ ಬಿಗಿದ ಕಂಡರವು ಹರಿದಿರಬಹುದು; ಅಥವಾ ಹೆಗಲೆಲುಬಿನ ಮೇಲಂಚಿನ ಕಚ್ಚಿನಲ್ಲಿ ಹಾಯುವ ನರವು ಅದುಮಲ್ಪಟ್ಟಿರಬಹುದು. ಸೆಕೆಂಡಿಗೆ 1 ಕೋಟಿಯ ಆಸುಪಾಸಿನ ಕಂಪನಗಳುಳ್ಳ ಧ್ವನಿಯು ಒಳಹೊಕ್ಕು ಮರಳಿ ಚಿತ್ರವನ್ನು ಮೂಡಿಸುತ್ತದೆ. ಮೊದಲನೆಯದರಲ್ಲಿ ಕಂಡರದ ಬಿರುಕು ತೋರುವುದು. ಎರಡನೆಯದರಲ್ಲಿ ಕಂಡರವು ಅಖಂಡವಾಗಿದ್ದರೂ, ರೋಗವು ಹಳೆಯದಾದರೆ, ಸ್ನಾಯುವು ಕೃಶವಾಗಿ ನೆರೆಯ ಸ್ನಾಯುವಿಗಿಂತ ಬೆಳ್ಳಗೆ ಕಾಣುವುದು. ಧ್ವನಿಯು ಎಲುಬನ್ನು ಭೇದಿಸಿ ಆಚೆಯದನ್ನು ತೋರಲಾರದು; ನರದ ವಾಹಕಶಕ್ತಿಯನ್ನರಿಯಲು ವಿದ್ಯುತ್ಪರೀಕ್ಷೆಯೇ ಬೇಕು. ಆದರೂ ಚಿಕಿತ್ಸೆಯ ದಾರಿಯು ಈ ಭೇದವನ್ನೇ ಅವಲಂಬಿಸಿದೆ.

ಯಂತ್ರವು ಬೇರ್ಪಡಿಸಿದುದನ್ನು ನಮ್ಮ ಮಾತು ಮತ್ತೆ ಬೆರೆಸುತ್ತದೆ. ಸಂಸ್ಕೃತ ವೈದ್ಯದಲ್ಲಿ ಸ್ನಾಯುವೆಂದರೆ ಬಿಗಿಯುವ ತಂತು. ಮಾಂಸಖಂಡಕ್ಕೆ ಪೇಶಿಯೆಂದು ಹೆಸರು. ಸುಶ್ರುತನು 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಇಂದಿನ ಕನ್ನಡದಲ್ಲಿ ಸ್ನಾಯುವೇ ಮಾಂಸಖಂಡ. ತಮಿಳಿನ ನರಂಬಿಗೆ ಸೋದರವಾದ ನಮ್ಮ ನರವು ಆಡುಮಾತಿನಲ್ಲಿ ಕಂಡರವನ್ನೂ ರಕ್ತನಾಳವನ್ನೂ ಒಳಕೊಳ್ಳುತ್ತದೆ. ಭುಜವು ಸಂಸ್ಕೃತದಲ್ಲಿ ತೋಳು, ಕನ್ನಡದ ರೂಢಿಯಲ್ಲಿ ಹೆಗಲು. ಭುಜಾಸ್ಥಿಯೆಂದು ಬರೆದರೆ ಯಾವ ಎಲುಬೆಂಬುದು ಸಂದಿಗ್ಧ. ಅಲ್ಟ್ರಾಸೌಂಡನ್ನು ಶಬ್ದಾತೀತವೆನ್ನುವುದೂ ಸಲ್ಲದು: ಅದು ಶಬ್ದವನ್ನು ಮೀರಿದುದಲ್ಲ, ಮನುಷ್ಯನ ಕಿವಿಯ ಸುಮಾರು 20,000 ಕಂಪನಗಳ ಎಲ್ಲೆಯನ್ನು ಮೀರಿದುದು. ಶ್ರವಣಾತೀತವೆಂಬುದೇ ಯುಕ್ತ.

ಹಾಗಾದರೆ ಸಂಸ್ಕೃತದ ಮೂಲಾರ್ಥಕ್ಕೇ ಮರಳಬೇಕೆ? ಬೇಡ. ಸ್ನಾಯುವಿನ ಹೊಸ ಅರ್ಥವು ಪಾಠಶಾಲೆಗಳಲ್ಲಿ ನೆಲೆಗೊಂಡಿದೆ. ಅದನ್ನು ಕದಲಿಸಿದರೆ ಗೊಂದಲವೇ ಹೆಚ್ಚೀತು. ಸುಶ್ರುತನ ಅಂಸಫಲಕವು ಗೌರವಾರ್ಹವಾದರೂ ಹೆಗಲೆಲುಬೆಂದರೆ ರೋಗಿಗೂ ತಿಳಿಯುವುದು. ಮಾಂಸಖಂಡಕ್ಕೆ ಸ್ನಾಯು, ಅದನ್ನು ಎಲುಬಿಗೆ ಬಿಗಿಯುವುದಕ್ಕೆ ಕಂಡರ, ಸಂವೇದನೆಯನ್ನೂ ಪ್ರೇರಣೆಯನ್ನೂ ಒಯ್ಯುವುದಕ್ಕೆ ಮಾತ್ರ ನರ ಎಂಬ ನಿಯಮವನ್ನು ಲೇಖಕರು ತಪ್ಪದೆ ಪಾಲಿಸಿದರೆ ಸಾಕು. ಪದವು ತಪ್ಪಿದರೆ ಇಲ್ಲಿ ಕೆಡುವುದು ವಾಕ್ಯವೊಂದೇ ಅಲ್ಲ, ದುಡಿಯುವವನ ತೋಳು. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕೆಂದು ವಿಜ್ಞಾಪನೆ.