ವೇತನಾದಾನ ಪದವಿಚಾರ

ಧರ್ಮಶಾಸ್ತ್ರದ ‘ವೇತನಾದಾನ’ವೆಂಬ ವ್ಯವಹಾರಪದವನ್ನು ವೇತನದ ಆದಾನ, ಎಂದರೆ ಸಂಬಳವನ್ನು ಪಡೆಯುವುದು, ಎಂದು ಬಿಡಿಸಲು ವ್ಯಾಕರಣವು ಅಡ್ಡಿಮಾಡದು. ಆದರೆ ನಾರದನು ಇದನ್ನೇ ‘ವೇತನಸ್ಯಾನಪಾಕರ್ಮ’ವೆಂದು ಕರೆದಿರುವುದರಿಂದ ‘ಅದಾನ’, ಎಂದರೆ ಕೊಡದಿರುವುದು, ಎಂಬ ಪದಚ್ಛೇದವೇ ಗ್ರಾಹ್ಯವು. ಕೌಟಿಲ್ಯನು ವೇತನಾದಾನಕ್ಕೆ ದಶಾಂಶವನ್ನಾಗಲಿ 6 ಪಣಗಳನ್ನಾಗಲಿ ದಂಡವಾಗಿ ವಿಧಿಸಿದ್ದಾನೆ. ಸಂಬಳ ಪಡೆದು ಕೆಲಸಮಾಡದ ಆಳಿಗೆ 12 ಪಣಗಳ ದಂಡವನ್ನು ಬೇರೆಯಾಗಿಯೇ ಹೇಳಿದ್ದಾನೆ. ಸ್ಮೃತಿಗಳ ಈ ಪ್ರಕರಣದಲ್ಲಿ ಭೃತ್ಯದೋಷವೂ ಉಕ್ತವಾಗಿರುವುದು ನಿಜ. ಹೆಸರಾದರೋ ಒಡೆಯನ ಋಣದಿಂದ ಬಂದುದು. ಪದಚ್ಛೇದವು ತಪ್ಪಿದರೆ ಆ ಋಣವೇ ಮರೆಯಾಗುವುದು. ಕೂಲಿಯನ್ನು ನಿಶ್ಚಯಿಸದೆ ದುಡಿಸಿಕೊಂಡವನು ವಾಣಿಜ್ಯ, ಪಶು, ಸಸ್ಯಗಳ ಲಾಭದಲ್ಲಿ ದಶಾಂಶವನ್ನು ಕೊಡತಕ್ಕದ್ದೆಂದು ಯಾಜ್ಞವಲ್ಕ್ಯನ ಮತ. ಒಡೆಯನ ಮೌನವು ಒಡೆಯನಿಗೆ ಲಾಭವಾಗಕೂಡದೆಂಬುದೇ ಇದರ ತಾತ್ಪರ್ಯ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ದಿನವು ಮುಗಿಯುವುದರೊಳಗಾಗಿ ಸಲ್ಲಿಸಬೇಕೆನ್ನುವ 2019ರ ವೇತನಸಂಹಿತೆಯೂ ಈ ಅದಾನದೋಷವನ್ನೇ ಪರಿಹರಿಸಹೊರಟಿದೆ.