ನಿಮ್ಮೋರು ಗೆದ್ರು

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದರೆ ಮಳೆಗಾಗಿ ಮುಗಿಲು ನೋಡುವ ಸೀಮೆ. ಮೋಡ ಕಂಡರೆ ಖುಷಿಪಡುವ ಜನ ನಾವು. ಆದರೆ ಡಿಸೆಂಬರಿನ ಮೋಡ ಇಲ್ಲಿ ಯಾರಿಗೂ ಬೇಡ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಎಂಬ ಚಂಡಮಾರುತ ತಮಿಳುನಾಡಿನ ಮಾಮಲ್ಲಪುರದ ಹತ್ತಿರ ದಡ ದಾಟಿತು. ಮರುದಿನ ಕೊಟ್ಟೂರಿನಲ್ಲಿ ನಮಗೆ ಸೂರ್ಯ ಕಾಣಲಿಲ್ಲ. ರಸ್ತೆಯ ಮೇಲೆ ಒಣಹಾಕಿದ್ದ ಮೆಕ್ಕೆಜೋಳಕ್ಕೆ ತಾಡಪಾಲು ಹೊದಿಸಿ ರೈತರು ಮುಖ ಗಂಟು ಹಾಕಿಕೊಂಡು ಕೂತಿದ್ದರು. ಎರಡನೆಯ ಶನಿವಾರವಾದ್ದರಿಂದ ಕಚೇರಿಗೆ ರಜೆ. ಹಡಗಲಿಯಿಂದ ತಂಗಿ, ಹಗರಿಬೊಮ್ಮನಹಳ್ಳಿಯಿಂದ ಭಾವ ಬಂದಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಅಮ್ಮನಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಟೀವಿಯ ಮುಂದೆ ಕೂತೆವು. ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಿತ್ತು.

ಹಗಲೆಲ್ಲ ಹಿಂದಿನ ರಾತ್ರಿಯ ಪಂದ್ಯಗಳನ್ನೇ ಮತ್ತೆ ನೋಡಿದೆವು. ಬ್ರೆಜಿಲ್ ಕ್ರೊವೇಷಿಯಾಕ್ಕೆ ಸೋತದ್ದು, ಅರ್ಜೆಂಟೀನಾ ನೆದರ್ಲೆಂಡ್ಸ್ ತಂಡವನ್ನು ಪೆನಾಲ್ಟಿಯಲ್ಲಿ ದಾಟಿದ್ದು ಎರಡೂ ಗೊತ್ತಿದ್ದ ಕತೆಗಳೇ. ಅದರಿಂದೇನೂ ರಸಭಂಗವಾಗಲಿಲ್ಲ. ಬಯಲಾಟಕ್ಕೆ ಹೋಗುವವರಿಗೂ ಕೊನೆಗೆ ಯಾರು ಸಾಯುತ್ತಾರೆಂಬುದು ಗೊತ್ತೇ ಇರುತ್ತದಲ್ಲ. ರಾತ್ರಿ ಎಂಟೂವರೆಗೆ ಮೊರಾಕ್ಕೋ ಮತ್ತು ಪೋರ್ಚುಗಲ್ ಪಂದ್ಯವಿತ್ತು.

ಇದು ಆ ಪಂದ್ಯದ ವರದಿಯಲ್ಲ. ಟೀವಿ ಅದನ್ನು ಹೇಗೆ ತೋರಿಸಿತು, ನಾವು ಹೇಗೆ ನೋಡಿದೆವು ಎಂಬುದರ ಬಗ್ಗೆ ನಮ್ಮದೊಂದು ತಕರಾರು.

ಮೊದಲನೆಯದು ಭಾಷೆಯದು. ಆ ವಿಶ್ವಕಪ್ಪಿನ ವೀಕ್ಷಕ ವಿವರಣೆ ನಮ್ಮ ದೇಶದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಬಂಗಾಳಿಗಳಲ್ಲಿ ಸಿಗುತ್ತಿತ್ತು. ಕನ್ನಡದಲ್ಲಿರಲಿಲ್ಲ. ಕ್ರಿಕೆಟ್ಟಿಗೆ, ಕಬಡ್ಡಿಗೆ ಕನ್ನಡ ಬಂದಾಗಿತ್ತು; ಫುಟ್‌ಬಾಲ್ ಕನ್ನಡದ ಆಟವಲ್ಲವೆಂದು ಯಾರೋ ತೀರ್ಮಾನ ಮಾಡಿದಂತಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 2-1ರಿಂದ ಸೋತರು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಮೈಸೂರು ತಂಡ ಆ ಕಾಲದಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಆಟ ಇತ್ತು, ಅದನ್ನು ಮಾತಾಡುವ ಕನ್ನಡ ಬೆಳೆಯಲಿಲ್ಲ. ಪತ್ರಿಕೆಗಳು ಕಾಲ್ಚೆಂಡು ಎಂದು ಬರೆದವು, ಹುಡುಗರು ಫುಟ್‌ಬಾಲ್ ಎಂದೇ ಅಂದರು. ನಮ್ಮ ತಾಲ್ಲೂಕುಗಳ ಶಾಲೆಗಳಲ್ಲಂತೂ ವಾಲಿಬಾಲ್, ಖೋಖೋ ಬಿಟ್ಟರೆ ಮೂರನೆಯದನ್ನು ನಾವು ಕಂಡದ್ದು ಕಡಿಮೆ.

ಹೀಗಾಗಿ ಟೀವಿಯ ಬಾಯಿ ಮುಚ್ಚಿಸಿದೆವು. ವಿವರಣೆಯನ್ನು ಅಮ್ಮ ದಖನಿಯಲ್ಲಿ, ಭಾವ ಕನ್ನಡದಲ್ಲಿ ಒದಗಿಸಿದರು. ಕಬಡ್ಡಿ ಆಡಿದ ಭಾವನಿಗೆ ಮೊರಾಕ್ಕೋದ ಆಟ ಚೆನ್ನಾಗಿ ಅರ್ಥವಾಯಿತು: ಚೆಂಡು ಎದುರಾಳಿಯ ಹತ್ತಿರವೇ ಇರಲಿ, ನಮ್ಮ ಅಂಕಣದೊಳಗೆ ಬಂದವನನ್ನು ಕೂಡಿ ಹಿಡಿಯೋಣ ಎಂಬ ಲೆಕ್ಕ. ಆ ರಾತ್ರಿಯವರೆಗೆ ಮೊರಾಕ್ಕೋದ ಬಲೆಗೆ ಬಿದ್ದಿದ್ದು ಒಂದೇ ಗೋಲು, ಅದೂ ಅವರದೇ ಆಟಗಾರನ ಕಾಲಿಗೆ ತಾಗಿ. 42ನೆಯ ನಿಮಿಷದಲ್ಲಿ ಎನ್‌ನೆಸಿರಿ ಗೋಲ್‌ಕೀಪರನ ಕೈಗಿಂತ ಮೇಲೆ ಹಾರಿ ತಲೆಯಿಂದ ಹೊಡೆದ. ಅದೊಂದೇ ಗೋಲು ಸಾಕಾಯಿತು. ಆಫ್ರಿಕಾದ, ಅರಬ್ ಜಗತ್ತಿನ ಒಂದು ತಂಡ ಮೊದಲ ಸಲ ಸೆಮಿಫೈನಲ್ ಮುಟ್ಟಿತು.

ಆಮೇಲೆ ಟೀವಿಗೆ ಆಟ ಬೇಡವಾಯಿತು. ಸೋಫಿಯಾನ್ ಬೂಫಾಲ್ ಮೈದಾನದಲ್ಲಿ ತನ್ನ ತಾಯಿಯ ಕೈ ಹಿಡಿದು ಕುಣಿದ. ಮೊದಲ ಸಲ ಕಂಡಾಗ ನಮ್ಮ ಕಣ್ಣೂ ಒದ್ದೆಯಾದವು. ಅದನ್ನೇ ತಿರುತಿರುಗಿ ತೋರಿಸುತ್ತ ಹೋದಂತೆ ಕತೆ ಬರೆಯುವ ನಮಗೆ ಮುಜುಗರ ಶುರುವಾಯಿತು. ಕೋಚ್ ವಲೀದ್ ರೆಗ್ರಾಗಿ ತಂಡ ಕೈಗೆತ್ತಿಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲಿ ಕಟ್ಟಿದ ಆ ರಕ್ಷಣೆಯ ಬಗ್ಗೆ ಬಂದದ್ದು ನಾಲ್ಕು ಮಾತು. ತಾಯಂದಿರು, ದುವಾ, ಸಜ್ದಾ, ಪವಾಡ ಎಂದು ಮಿಕ್ಕಿದ್ದೆಲ್ಲ. ಯುರೋಪಿನವರು ಗೆದ್ದರೆ ಬುದ್ಧಿಯಿಂದ, ಇವರು ಗೆದ್ದರೆ ಭಕ್ತಿಯಿಂದ. ಹೊಗಳಿಕೆಯಂತೆ ಕಾಣುವ ಈ ಮಾತಿನೊಳಗಿನ ಕೀಳಂದಾಜು ನಮಗೆ ಹೊಸದೇನಲ್ಲ.

ಕ್ಯಾಮೆರಾ ಸೋತ ರೊನಾಲ್ಡೊನತ್ತಲೂ ತಿರುಗಿತು. ಆತ ಅಳುತ್ತ ಒಬ್ಬನೇ ಒಳಗೆ ಹೋಗುತ್ತಿದ್ದ. ಅಮ್ಮ ಕೇಳಿದರು: “ಕಾಯ್ಕು ರೋತೈ ಉನೆ? ಉಸ್ಕಿ ಮಾ ನೈ ಆಯೇ ಕ್ಯಾ?” ಯಾಕೆ ಅಳ್ತಾನೆ, ಅವನ ತಾಯಿ ಬಂದಿಲ್ಲವೇ? ಐದು ಭಾಷೆಗಳ ವಿವರಣೆಗಾರರಲ್ಲಿ ಯಾರಿಗಾದರೂ ಈ ಪ್ರಶ್ನೆ ಹೊಳೆಯಿತೋ ಇಲ್ಲವೋ.

ನಮ್ಮ ನೋಟವೂ ನೆಟ್ಟಗಿರಲಿಲ್ಲ. ಆ ಪಂದ್ಯ ನಡೆದ ಅಲ್ ಥುಮಾಮ ಕ್ರೀಡಾಂಗಣವನ್ನು ಅರಬರು ತೊಡುವ ಹೆಣೆದ ಟೋಪಿಯ ಆಕಾರದಲ್ಲಿ ಕಟ್ಟಿದ್ದಾರೆ. ಮೇಲಿನಿಂದ ತೋರಿಸಿದಾಗ ಮಕ್ಕಳು ‘ಟೋಪಿ, ಟೋಪಿ’ ಎಂದು ಕುಣಿದರು. ಕನ್ನಡದಲ್ಲಿ ಟೋಪಿ ಹಾಕುವುದಕ್ಕೆ ಇನ್ನೊಂದು ಅರ್ಥವಿದೆ. ಆ ಹೊತ್ತು ನಾವು ಅದನ್ನೂ ಹಾಕಿಸಿಕೊಂಡೆವು. ವಿಶ್ವಕಪ್ಪಿನ ಕೆಲಸಗಳಲ್ಲಿ 400ರಿಂದ 500 ಕೂಲಿಗಳು ಸತ್ತಿರಬಹುದೆಂದು ಸಂಘಟನಾ ಸಮಿತಿಯ ಹಸನ್ ಅಲ್ ಥವಾದಿ ಅವರೇ ಆ ನವೆಂಬರಿನಲ್ಲಿ ಹೇಳಿದ್ದರು. ಅದು ಇಡೀ ದೇಶದ ಎಲ್ಲ ಕೆಲಸಗಳ ಲೆಕ್ಕವೆಂದು ಸಮಿತಿ ಆಮೇಲೆ ತಿದ್ದಿತು. ಲೆಕ್ಕ ಯಾವುದಾದರೂ ಇರಲಿ, ಕೂಡ್ಲಿಗಿ, ಹರಪನಹಳ್ಳಿಗಳಿಂದ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವವರನ್ನು ಬೆಳಗಿನ ಬಸ್ಸಿನಲ್ಲಿ ನೋಡುತ್ತ ಬೆಳೆದ ನಮಗೆ ಆ ಟೋಪಿ ಹೆಣೆದ ಕೈಗಳು ಯಾರವೆಂದು ಕೇಳಬೇಕೆನಿಸಲಿಲ್ಲ.

ಭಾನುವಾರವೂ ಮೋಡವೇ. ಹಾಲಿಗೆ ಹೊರಟಾಗ ಪಕ್ಕದ ಮನೆಯ ನಿವೃತ್ತ ಮಾಸ್ತರರು ಕೂಗಿದರು: “ಏನ್ರೀ ಸಾಬ್ರೆ, ನಿಮ್ಮೋರು ಗೆದ್ರು!” ಮಾತಿನಲ್ಲಿ ಕೊಂಕಿರಲಿಲ್ಲ. ಪ್ರತಿ ರಂಜಾನಿಗೆ ನಮ್ಮ ಮನೆಯ ಸುರಕುಂಬ ಕುಡಿಯುವ ಹಿರಿಯರು. ಅವರ ಪಕ್ಷ ಅರ್ಜೆಂಟೀನಾ. ಹಿಂದಿನ ದಿನ ಅದು ಗೆದ್ದಾಗ ನಾವು ಅವರಿಗೆ ‘ನಿಮ್ಮೋರು ಗೆದ್ರು’ ಎಂದಿರಲಿಲ್ಲ. ಅವರಿಗೆ ಆಯ್ಕೆಯಿದೆ, ನಮಗೆ ಹುಟ್ಟಿನಿಂದ ಬಂದ ತಂಡವಿದೆ ಎಂಬಂತೆ.

ಪ್ರಾಮಾಣಿಕವಾಗಿ ಹೇಳುವುದಾದರೆ ನಾವು ಕೂಗಿದ್ದು ನಿಜ. ಕ್ರೊವೇಷಿಯಾಕ್ಕೆ ಅಷ್ಟು ಕೂಗಿರಲಿಲ್ಲ. ಆಟಗಾರರು ಸಜ್ದಾ ಮಾಡಿದಾಗ ಅಮ್ಮ ತಲೆಯ ಮೇಲೆ ಸೆರಗೆಳೆದುಕೊಂಡರು. ಆದರೆ ಆ ‘ನಮ್ಮೋರು’ ಯಾರು? 26 ಮಂದಿಯ ತಂಡದಲ್ಲಿ 14 ಮಂದಿ ಹುಟ್ಟಿದ್ದು ಮೊರಾಕ್ಕೋದ ಹೊರಗೆ. ಹಕೀಮಿ ಮ್ಯಾಡ್ರಿಡ್‌ನಲ್ಲಿ, ಝಿಯೆಶ್ ನೆದರ್ಲೆಂಡ್ಸಿನಲ್ಲಿ, ಗೋಲ್‌ಕೀಪರ್ ಬೂನು ಕೆನಡಾದಲ್ಲಿ. ಸ್ಪೇನ್ ವಿರುದ್ಧದ ಗೆಲುವನ್ನು ಅರಬರಿಗೂ ಮುಸ್ಲಿಮರಿಗೂ ಅರ್ಪಿಸಿದ್ದ ಬೂಫಾಲ್, ಆಫ್ರಿಕಾವನ್ನು ಹೆಸರಿಸದೆ ಬಿಟ್ಟದ್ದಕ್ಕೆ ಕ್ಷಮೆ ಕೇಳಬೇಕಾಯಿತು. ಆ ದೇಶದ ಅಮಾಝಿಗರಿಗೋ ‘ಅರಬ್’ ಎಂಬ ಮಾತಿನ ಮೇಲೇ ತಕರಾರು. ಮನೆಯಲ್ಲಿ ದಖನಿ, ಮದರಸಾದಲ್ಲಿ ಉರ್ದು, ಬಜಾರದಲ್ಲಿ ಕನ್ನಡ ಆಡುವ ನಮಗೆ ಅವರು ಹತ್ತಿರವೆನಿಸಿದ್ದು ಸಜ್ದಾದಿಂದ ಮಾತ್ರವಲ್ಲ. ನೀವು ಯಾರ ಕಡೆಯವರು ಎಂಬ ಪ್ರಶ್ನೆ ಅವರ ಬೆನ್ನನ್ನೂ ಬಿಟ್ಟಿರಲಿಲ್ಲ. (ಹರಪನಹಳ್ಳಿಯವರಿಗೂ ಇದು ಗೊತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಮನೆ ಬದಲಿಸಿದವರು ಮಾತ್ರ ಯಾರೂ ಇಲ್ಲ.)

ಮಾಸ್ತರರಿಗೆ ಇದನ್ನೆಲ್ಲ ಹಾಲಿನ ಪಾತ್ರೆ ಹಿಡಿದು ವಿವರಿಸಲಾಗಲಿಲ್ಲ. ನಕ್ಕು ಬಂದೆವು. ಸೆಮಿಫೈನಲಿನಲ್ಲಿ ಮೊರಾಕ್ಕೋ ಫ್ರಾನ್ಸಿಗೆ ಸೋತಿತು. ಕಪ್ಪು ಮಾಸ್ತರರ ಅರ್ಜೆಂಟೀನಾಕ್ಕೇ ಹೋಯಿತು.

2023ರ ಮಾರ್ಚ್ 4ರಂದು ಸಂತೋಷ್ ಟ್ರೋಫಿಯ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಕಪ್ಪು ತಂದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಮ್, ರಾಬಿನ್ ಯಾದವ್. ಮಾರನೆಯ ದಿನ ಪತ್ರಿಕೆ ಹಿಡಿದು ಮಾಸ್ತರರ ಕಟ್ಟೆಗೆ ನಾವೇ ಹೋದೆವು.

“ಮಾಸ್ತರೆ, ನಮ್ಮೋರು ಗೆದ್ರು.”

“ಎಲ್ಲಿ?”

“ಸೌದಿಯಾಗೆ.”

ಮಾಸ್ತರರು ಕನ್ನಡಕ ಏರಿಸಿಕೊಂಡು ಪತ್ರಿಕೆಗೆ ಕೈ ಚಾಚಿದರು. “ಹಂಗಾರೆ ನಿಮ್ಮೋರು ಅನ್ರಿ.”

“ಓದ್ರಿ ಮೊದ್ಲು,” ಎಂದೆವು.